ನಡುದಾರಿಯ ನಿಲ್ದಾಣದಲ್ಲಿ ಸಿಕ್ಕಿಕೊಂಡಾಗ

2022ರ ಜನವರಿ ತಿಂಗಳ ಒಂದು ಶುಕ್ರವಾರ. ರಾತ್ರಿ ಹತ್ತೂವರೆ ಗಂಟೆ ಇರಬಹುದು, ಫೋನ್ ಬಂತು. ಮಾತನಾಡಿದವರು ಹಲವು ವರ್ಷಗಳಿಂದ ನನ್ನ ಬಳಿ ಚಿಕಿತ್ಸೆ ಪಡೆಯುತ್ತಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ಪತ್ನಿಯೊಡನೆ ಹಿಂದಿನ ರಾತ್ರಿಯಷ್ಟೇ ಬೆಂಗಳೂರಿನಿಂದ ಹೊರಟಿದ್ದರು.

"ಡಾಕ್ಟ್ರೇ, ನಾವಿನ್ನೂ ಅಮೆರಿಕ ತಲುಪಿಲ್ಲ. ಅರ್ಧ ದಾರಿಯಲ್ಲೇ ಕೂತಿದ್ದೀವಿ. ಇವಳಿಗೆ ಬಾಯಿ ಒಣಗ್ತಾ ಇದೆ, ಎದ್ದು ನಿಂತರೆ ತಲೆ ಸುತ್ತುತ್ತೆ ಅಂತಾಳೆ. ಇನ್ಸುಲಿನ್ ಸೂಟ್‌ಕೇಸ್‌ನಲ್ಲಿದೆ. ಸೂಟ್‌ಕೇಸ್ ಎಲ್ಲಿದೆಯೋ ಗೊತ್ತಿಲ್ಲ" ಎಂದರು. ಅವರ ಧ್ವನಿ ನಡುಗುತ್ತಿತ್ತು.

ಆಕೆಗೆ ಅರವತ್ತೈದು ವರ್ಷ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚುಮದ್ದು ಬೇಕು. ಆ ಹೊತ್ತಿಗೆ ಎರಡು ಸರದಿ ತಪ್ಪಿದ್ದವು. ಪುಣ್ಯಕ್ಕೆ ಗ್ಲುಕೋಮೀಟರ್ ಕೈಚೀಲದಲ್ಲಿತ್ತು. ನೋಡಿ ಹೇಳಿ ಎಂದೆ. 386 ತೋರಿಸಿತು.

ಇದು ಒಂದು ಮನೆಯ ಕಥೆಯಲ್ಲ. ಕೋವಿಡ್ ಕಾಲದಲ್ಲಿ ವಿದೇಶದ ಮಕ್ಕಳನ್ನು ನೋಡಲು ಹೊರಟ ಎಷ್ಟೋ ತಂದೆ ತಾಯಿಯರು ಕನೆಕ್ಟಿಂಗ್ ಫ್ಲೈಟ್ ಹಿಡಿಯಬೇಕಾದ ಊರಿನಲ್ಲಿ ಹೀಗೆಯೇ ಸಿಕ್ಕಿಕೊಂಡರು. ಆ ನಿರ್ಬಂಧಗಳು ಇಂದು ಇಲ್ಲ. ಆದರೆ ಅವು ಕಲಿಸಿದ ಪಾಠ ಇಂದಿಗೂ ಬೇಕು. ಇಂಥ ಒಂದು ನಿಯಮ ಈಗಲೂ ಜಾರಿಯಲ್ಲಿದೆ. ಮತ್ತೊಂದು ಸಾಂಕ್ರಾಮಿಕ ಬಂದರೆ ಉಳಿದವೂ ಬೇರೆ ರೂಪದಲ್ಲಿ ಮರಳಬಹುದು.

ಎಡವಿದ್ದು ಎಲ್ಲಿ?

ದಂಪತಿಗೆ ಲಸಿಕೆಯ ಎರಡೂ ಡೋಸ್ ಆಗಿತ್ತು. ಬುಧವಾರ ಸಂಜೆ ಮನೆಯಲ್ಲೇ ಮೂಗಿನ ದ್ರವದ ಮಾದರಿ ಕೊಟ್ಟಿದ್ದರು. ವರದಿ ನೆಗೆಟಿವ್ ಬಂದಿತ್ತು. ಗುರುವಾರ ರಾತ್ರಿ ವಿಮಾನ ಹತ್ತಿ ನಡುರಾತ್ರಿಯ ಹೊತ್ತಿಗೆ ಕೊಲ್ಲಿ ದೇಶದ ಒಂದು ನಿಲ್ದಾಣದಲ್ಲಿ ಇಳಿದರು. ಅಲ್ಲಿಂದ ಶುಕ್ರವಾರ ಬೆಳಗಿನ ಜಾವ ಅಮೆರಿಕಕ್ಕೆ ಹೊರಡುವ ವಿಮಾನ. ಆ ವಿಮಾನದ ಕೌಂಟರ್‌ನಲ್ಲಿ ಅವರನ್ನು ತಡೆದರು.

ಆಗ ಅಮೆರಿಕದ ನಿಯಮ ಹೀಗಿತ್ತು. 2021ರ ಡಿಸೆಂಬರ್ 6ರಿಂದ, ಆ ದೇಶಕ್ಕೆ ವಿಮಾನದಲ್ಲಿ ಬರುವವರು ಹೊರಡುವುದಕ್ಕೆ ಒಂದು ದಿನ ಮೊದಲು ಪರೀಕ್ಷೆ ಮಾಡಿಸಿರಬೇಕಿತ್ತು. ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿದ್ದು, ನಡುವೆ ಕಾಯುವ ಅವಧಿ 24 ಗಂಟೆ ಮೀರದಿದ್ದರೆ, ಆ ಒಂದು ದಿನವನ್ನು ಮೊದಲ ವಿಮಾನದಿಂದ ಲೆಕ್ಕ ಹಾಕುತ್ತಿದ್ದರು. ಟಿಕೆಟ್‌ಗಳು ಬೇರೆ ಬೇರೆಯಾಗಿದ್ದರೆ ಅಮೆರಿಕದಲ್ಲಿ ಇಳಿಯುವ ಕೊನೆಯ ವಿಮಾನದಿಂದ ಲೆಕ್ಕ.

ಅಳಿಯ ಸ್ವಲ್ಪ ಹಣ ಉಳಿಯುತ್ತದೆಂದು ಎರಡು ಪ್ರತ್ಯೇಕ ಟಿಕೆಟ್ ಕೊಂಡಿದ್ದರು. ಮೊದಲ ವಿಮಾನ ಗುರುವಾರದ್ದು, ಹಾಗಾಗಿ ಒಂದೇ ಟಿಕೆಟ್ ಆಗಿದ್ದರೆ ಬುಧವಾರದ ಮಾದರಿ ಸರಿಹೋಗುತ್ತಿತ್ತು. ಎರಡನೆಯದು ಶುಕ್ರವಾರದ್ದು. ಅದಕ್ಕೆ ಗುರುವಾರದ ಮಾದರಿ ಬೇಕಿತ್ತು. ಮತ್ತೆ ಪರೀಕ್ಷೆ ಮಾಡಿಸಿ ವರದಿ ಕೈಗೆ ಬರುವಷ್ಟರಲ್ಲಿ ವಿಮಾನ ಹೋಗಿತ್ತು. ಮುಂದಿನ ಆಸನ ದೊರೆತದ್ದು ಒಂದು ದಿನದ ನಂತರ. ಹೊರಗೆ ಹೋಗಿ ಸಾಮಾನು ಪಡೆಯಲು ಆ ದೇಶದ ವೀಸಾ ಇರಲಿಲ್ಲ. ಇಡೀ ದಿನ ಕುರ್ಚಿಯ ಮೇಲೆಯೇ ಕಳೆದರು.

ಗಾಲಿಕುರ್ಚಿಯಲ್ಲಿದ್ದ ಆಕೆ, ಪದೇ ಪದೇ ಶೌಚಾಲಯಕ್ಕೆ ಕರೆದೊಯ್ಯಿರೆಂದು ಕೇಳಲು ಸಂಕೋಚಪಟ್ಟು ನೀರು ಕುಡಿಯುವುದನ್ನೇ ಬಿಟ್ಟಿದ್ದರಂತೆ. ಇನ್ಸುಲಿನ್ ಇಲ್ಲ, ನೀರೂ ಇಲ್ಲ. ಸಕ್ಕರೆ ಏರದೆ ಇನ್ನೇನಾದೀತು?

ಮೊದಲು ನೀರು ಕೊಡಿ, ತಕ್ಷಣ ನಿಲ್ದಾಣದ ವೈದ್ಯಕೀಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಎಂದೆ. ಔಷಧಿಯ ಮೂಲ ಹೆಸರು, ಪ್ರಮಾಣ ಬರೆದು ಮೊಬೈಲ್‌ಗೆ ಕಳಿಸಿದೆ. ಅಲ್ಲಿನ ವೈದ್ಯರು ಅದನ್ನು ನೋಡಿ, ಆಕೆಯನ್ನು ಪರೀಕ್ಷಿಸಿ ಇನ್ಸುಲಿನ್ ಕೊಟ್ಟರು. ಎರಡು ಗಂಟೆಯ ನಂತರ ಸಕ್ಕರೆ ಇಳಿಯತೊಡಗಿತು.

ತಪ್ಪು ಅಳಿಯನದು ಮಾತ್ರವಲ್ಲ. ಹೊರಡುವ ವಾರ ಅವರಿಬ್ಬರೂ ನನ್ನ ಕ್ಲಿನಿಕ್‌ಗೆ ಬಂದಿದ್ದರು. ರಕ್ತದೊತ್ತಡ ನೋಡಿದೆ, ಮೂರು ತಿಂಗಳ ಔಷಧಿ ಬರೆದುಕೊಟ್ಟೆ, ಪ್ರಯಾಣ ಮಾಡಬಹುದು ಎಂದು ಪತ್ರವನ್ನೂ ಕೊಟ್ಟೆ. ಇನ್ಸುಲಿನ್ ಯಾವ ಚೀಲದಲ್ಲಿ ಇಡುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಅಂದಿನಿಂದ ವಿದೇಶಕ್ಕೆ ಹೊರಡುವವರನ್ನೆಲ್ಲ ಆ ಪ್ರಶ್ನೆಯನ್ನೇ ಮೊದಲು ಕೇಳುತ್ತೇನೆ.

ಗಂಟೆಗಳ ಲೆಕ್ಕ ಏಕೆ?

'ವರದಿ ನೆಗೆಟಿವ್ ಇದ್ದ ಮೇಲೆ ಒಂದು ದಿನವೇನು, ಮೂರು ದಿನವೇನು?' ಎಂದು ಆಗ ಬಹಳ ಜನ ಕೇಳುತ್ತಿದ್ದರು. ಪ್ರಶ್ನೆ ಸಹಜವೇ.

ರೋಗಾಣು ದೇಹ ಸೇರಿದ ಕೂಡಲೇ ರೋಗ ಕಾಣಿಸುವುದಿಲ್ಲ. ಅದು ಬೆಳೆದು ಲಕ್ಷಣ ತೋರಿಸಲು ಕೆಲವು ದಿನ ಬೇಕು. ಮೊದಲಿನ ಕೊರೊನಾ ವೈರಸ್ಸಿಗೆ ಈ ಅವಧಿ ಸರಾಸರಿ 5 ದಿನ. ಓಮಿಕ್ರಾನ್ ತಳಿಗೆ ಸುಮಾರು 3 ದಿನ. ಸೋಂಕು ತಗುಲಿದ ಮೊದಲ ಒಂದೆರಡು ದಿನ ಆರ್‌ಟಿ-ಪಿಸಿಆರ್ ಪರೀಕ್ಷೆಗೂ ಅದು ಸಿಕ್ಕದಿರಬಹುದು. ಅಂದರೆ ನೆಗೆಟಿವ್ ವರದಿ ಹೇಳುವುದು ಇಷ್ಟೇ: ಮಾದರಿ ತೆಗೆದ ಗಳಿಗೆಯಲ್ಲಿ ಪತ್ತೆಯಾಗುವಷ್ಟು ವೈರಸ್ ಇರಲಿಲ್ಲ. ಮರುದಿನದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಆದ್ದರಿಂದ ಪರೀಕ್ಷೆಗೂ ಪ್ರಯಾಣಕ್ಕೂ ನಡುವಿನ ಅಂತರ ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ ವರದಿ ಬರಲು ಸಮಯ ಬೇಕಲ್ಲ! ಇವೆರಡನ್ನೂ ತೂಗಿ ನೋಡಿ ಭಾರತ 72 ಗಂಟೆಯ ಮಿತಿ ಇಟ್ಟಿತ್ತು. ಅಮೆರಿಕ ಮೊದಲು ಮೂರು ದಿನ, ಆಮೇಲೆ ಒಂದು ದಿನ ಎಂದಿತು. 2021ರ ಮಧ್ಯಭಾಗದಲ್ಲಿ ಭಾರತದಿಂದ ದುಬೈಗೆ ಹೋಗುವವರು 48 ಗಂಟೆಯೊಳಗಿನ ವರದಿಯಲ್ಲದೆ, ಹೊರಡುವ ಕೆಲವೇ ಗಂಟೆಗಳ ಮೊದಲು ವಿಮಾನ ನಿಲ್ದಾಣದಲ್ಲೇ ಇನ್ನೊಂದು ಕ್ಷಿಪ್ರ ಪರೀಕ್ಷೆ ಮಾಡಿಸಬೇಕಿತ್ತು.

ಇಲ್ಲಿ ಬಹಳ ಜನ ಎಡವಿದ್ದು ಒಂದು ಅಂಶದಲ್ಲಿ. ಲೆಕ್ಕ ಶುರುವಾಗುವುದು ಮಾದರಿ ಕೊಟ್ಟ ಸಮಯದಿಂದ, ವರದಿ ಬಂದ ಸಮಯದಿಂದಲ್ಲ. ವರದಿಯಲ್ಲಿ ಈ ಎರಡೂ ಸಮಯಗಳು ನಮೂದಾಗಿರುತ್ತವೆ. ಎರಡನೆಯದನ್ನು ನೋಡಿ ಸಮಾಧಾನಪಟ್ಟವರು ಕೌಂಟರ್‌ನಲ್ಲಿ ಪೇಚಿಗೆ ಸಿಕ್ಕರು.

ಇನ್ನೊಂದು ತೊಡಕೂ ಇತ್ತು. ಕೋವಿಡ್‌ನಿಂದ ಪೂರ್ಣ ಗುಣವಾದ ಮೇಲೂ ಸತ್ತ ವೈರಸ್ಸಿನ ಚೂರುಗಳು ಮೂಗಿನಲ್ಲಿ ಉಳಿದು, ವಾರಗಟ್ಟಲೆ, ಕೆಲವೊಮ್ಮೆ ಮೂರು ತಿಂಗಳವರೆಗೂ ಪಿಸಿಆರ್ ಪಾಸಿಟಿವ್ ಬರಬಹುದು. ಅಂಥವರಿಂದ ಇನ್ನೊಬ್ಬರಿಗೆ ಸೋಂಕು ಹರಡುವುದಿಲ್ಲ. ಆದರೆ ಕೌಂಟರ್‌ನಲ್ಲಿರುವವರಿಗೆ ಅದು ತಿಳಿಯುವುದು ಹೇಗೆ? ಇಂಥವರಿಗಾಗಿಯೇ ಅಮೆರಿಕ, 90 ದಿನದೊಳಗಿನ ಹಳೆಯ ಪಾಸಿಟಿವ್ ವರದಿ ಹಾಗೂ ಗುಣವಾಗಿದ್ದಾರೆ ಎಂಬ ವೈದ್ಯರ ಪತ್ರವನ್ನು ಒಪ್ಪುತ್ತಿತ್ತು. ಈ ಪತ್ರ ಕೇಳಿ ಬಂದವರು ನನ್ನಲ್ಲಿಯೂ ಇದ್ದರು. ಇಂಥ ಅವಕಾಶವಿದೆ ಎಂದು ತಿಳಿಯದೆ ಟಿಕೆಟ್ ರದ್ದು ಮಾಡಿದವರೂ ಇದ್ದರು.

ನಡುದಾರಿಯ ಊರೂ ಲೆಕ್ಕಕ್ಕೆ

ಹೊರಡುವ ದೇಶ, ಸೇರುವ ದೇಶ ಇವೆರಡರ ನಿಯಮ ತಿಳಿದರೆ ಸಾಕು ಎಂದು ನಾವು ಭಾವಿಸುತ್ತೇವೆ. ಸಾಂಕ್ರಾಮಿಕದ ಕಾಲದಲ್ಲಿ ವಿಮಾನ ಬದಲಾಯಿಸುವ ದೇಶವೂ ಅಷ್ಟೇ ಮುಖ್ಯ.

ಒಂದು ಉದಾಹರಣೆ ನೋಡಿ. ಚೀನಾದಲ್ಲಿ ಸೋಂಕು ಮತ್ತೆ ಉಲ್ಬಣಿಸಿದಾಗ ಭಾರತ ಸರ್ಕಾರ 2023ರ ಜನವರಿಯಲ್ಲಿ ಚೀನಾ, ಹಾಂಗ್‌ಕಾಂಗ್, ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರ ಮತ್ತು ಥಾಯ್ಲೆಂಡ್‌ಗಳಿಂದ ಬರುವವರಿಗೆ ಆರ್‌ಟಿ-ಪಿಸಿಆರ್ ಕಡ್ಡಾಯ ಮಾಡಿತು. ಈ ಸ್ಥಳಗಳಲ್ಲಿ ವಿಮಾನ ಬದಲಾಯಿಸಿ ಬರುವವರಿಗೂ ಅದು ಅನ್ವಯಿಸಿತು. ಆಸ್ಟ್ರೇಲಿಯಾದಿಂದ ನೇರವಾಗಿ ಬರುವವರಿಗೆ ಪರೀಕ್ಷೆ ಬೇಡ, ಸಿಂಗಪುರದ ಮೂಲಕ ಬಂದರೆ ಬೇಕು! ಫೆಬ್ರವರಿ 13ರಂದು ಈ ನಿಯಮ ತೆಗೆದರು. ಆ ಒಂದೂವರೆ ತಿಂಗಳಲ್ಲಿ ಸಿಂಗಪುರದ ಮೂಲಕ ಊರಿಗೆ ಬರುವ ಕನ್ನಡಿಗರಿಗೆಲ್ಲ ಇದು ತಟ್ಟಿತು.

ನಮ್ಮ ದೇಶದೊಳಗೂ ಹೀಗೆಯೇ. ವಿದೇಶದಿಂದ ಬಂದವರ ತಪಾಸಣೆ ನಡೆಯುತ್ತಿದ್ದುದು ಭಾರತದಲ್ಲಿ ಮೊದಲು ಇಳಿದ ನಿಲ್ದಾಣದಲ್ಲಿ. 2021ರ ಫೆಬ್ರವರಿಯ ಮಾರ್ಗಸೂಚಿಯಂತೆ ಬ್ರಿಟನ್, ಬ್ರೆಜಿಲ್ ಮತ್ತು ದಕ್ಷಿಣ ಆಫ್ರಿಕಾದಿಂದ ಬಂದವರು ಅಲ್ಲೇ ಮಾದರಿ ಕೊಟ್ಟು ವರದಿಗಾಗಿ ಕಾಯಬೇಕಿತ್ತು. ಇದಕ್ಕೆ 6ರಿಂದ 8 ಗಂಟೆ ಹಿಡಿಯಬಹುದೆಂದು ಸರ್ಕಾರವೇ ತಿಳಿಸಿತ್ತು. ಲಂಡನ್ನಿನಿಂದ ಮುಂಬಯಿಗೆ ಬಂದು ಎರಡು ಗಂಟೆಯಲ್ಲಿ ಬೆಂಗಳೂರಿನ ವಿಮಾನ ಹಿಡಿಯುತ್ತೇನೆ ಎಂದುಕೊಂಡವರ ಲೆಕ್ಕವೆಲ್ಲ ತಲೆಕೆಳಗಾಯಿತು.

ಇದು ಹೊಸತೇನಲ್ಲ

ರೋಗ ಹರಡದಂತೆ ಪ್ರಯಾಣಿಕರನ್ನು ತಡೆದು ನಿಲ್ಲಿಸುವ ಪದ್ಧತಿಗೆ ಆರು ಶತಮಾನಗಳ ಇತಿಹಾಸವಿದೆ. ಪ್ಲೇಗ್ ಭಯದಿಂದ ಇಟಲಿಯ ಬಂದರುಗಳಲ್ಲಿ ಹಡಗುಗಳನ್ನು ನಲವತ್ತು ದಿನ ದೂರ ನಿಲ್ಲಿಸುತ್ತಿದ್ದರು. ಇಟಾಲಿಯನ್ ಭಾಷೆಯ ಆ 'ನಲವತ್ತು' ಎಂಬ ಪದದಿಂದಲೇ ಕ್ವಾರಂಟೈನ್ ಎಂಬ ಹೆಸರು ಬಂತು. 1898ರಲ್ಲಿ ಪ್ಲೇಗ್ ಬೆಂಗಳೂರಿಗೆ ಕಾಲಿಟ್ಟಾಗ ರೈಲು ಪ್ರಯಾಣಿಕರು ತಪಾಸಣೆಗೆ ನಿಲ್ಲಬೇಕಾಯಿತು. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಕೊಲ್ಲಿಯ ಕೆಲವು ದೇಶಗಳು ಭಾರತದ ವಿಮಾನಗಳನ್ನೇ ನಿಲ್ಲಿಸಿದ್ದವು. ಆಗ ನಾನಿನ್ನೂ ಶಾಲಾ ಬಾಲಕ.

ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ಆದರೆ ಮುಂದಿನದಕ್ಕೆ ತಯಾರಿ ನಿಂತಿಲ್ಲ. 2024ರಲ್ಲಿ ತಿದ್ದುಪಡಿಯಾದ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ 2025ರ ಸೆಪ್ಟೆಂಬರ್ 19ರಿಂದ ಜಾರಿಗೆ ಬಂದಿದೆ.

ಇಂದಿಗೂ ಇರುವ ನಿಯಮ

ಮೇಲೆ ಹೇಳಿದ, ಈಗಲೂ ಜಾರಿಯಲ್ಲಿರುವ ನಿಯಮ ಹಳದಿ ಜ್ವರಕ್ಕೆ ಸಂಬಂಧಿಸಿದ್ದು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕ ಖಂಡಗಳ ಹಲವು ದೇಶಗಳಲ್ಲಿ ಈ ವೈರಸ್ ರೋಗವಿದೆ. ಇದನ್ನು ಹರಡುವುದು ನಮ್ಮಲ್ಲಿ ಡೆಂಗೆ ಹರಡುವ ಈಡಿಸ್ ಸೊಳ್ಳೆಯೇ. ನಮ್ಮಲ್ಲಿ ಸೊಳ್ಳೆ ಇದೆ, ರೋಗ ಇಲ್ಲ. ರೋಗಾಣು ಹೊತ್ತ ಒಬ್ಬರು ಬಂದರೂ ಅಪಾಯ. ಆದ್ದರಿಂದಲೇ ಭಾರತ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

ಕೀನ್ಯಾ, ಇಥಿಯೋಪಿಯಾ, ಉಗಾಂಡ, ನೈಜೀರಿಯಾದಂಥ ದೇಶಗಳಿಂದ ಹೊರಟು ಆರು ದಿನಗಳೊಳಗೆ ಭಾರತಕ್ಕೆ ಬರುವ, 9 ತಿಂಗಳು ಮೀರಿದ ಪ್ರತಿಯೊಬ್ಬರ ಬಳಿಯೂ ಲಸಿಕೆಯ ಪ್ರಮಾಣಪತ್ರ ಇರಬೇಕು. ಇಲ್ಲವಾದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅಲ್ಲಿ ಬರಿದೇ ವಿಮಾನ ಬದಲಾಯಿಸಿ, ನಿಲ್ದಾಣದ ಆವರಣ ಬಿಟ್ಟು ಹೊರಗೆ ಹೋಗದವರಿಗೆ, ಆರೋಗ್ಯಾಧಿಕಾರಿ ಒಪ್ಪಿದರೆ ವಿನಾಯಿತಿ ಉಂಟು.

ದಕ್ಷಿಣ ಆಫ್ರಿಕಾದಲ್ಲಿ ಹಳದಿ ಜ್ವರವಿಲ್ಲ. ಅಲ್ಲಿಂದ ನೈರೋಬಿ ಅಥವಾ ಅಡಿಸ್ ಅಬಾಬಾ ಮೂಲಕ ಬರುವಾಗ ಮುಂದಿನ ವಿಮಾನ ತಪ್ಪಿ, ಒಂದು ರಾತ್ರಿ ಊರೊಳಗಿನ ಹೋಟೆಲಿನಲ್ಲಿ ಮಲಗಿದಿರಿ ಎನ್ನಿ. ಆಗ ವಿನಾಯಿತಿ ಹೋಯಿತು. ದಕ್ಷಿಣ ಆಫ್ರಿಕಾವೂ, ಅಂಥ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾಲ ಕಾದು ಬಂದವರಿಂದ ಈ ಪ್ರಮಾಣಪತ್ರ ಕೇಳುತ್ತದೆ. ಹಾಗಾಗಿ ಆ ದಾರಿಯಲ್ಲಿ ಹೋಗುವವರು ಲಸಿಕೆಯ ವಿಷಯವನ್ನು ಮೊದಲೇ ವಿಚಾರಿಸಬೇಕು.

ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಹಾಕಿಸಬೇಕು. ಹಾಕಿಸಿದ 10 ದಿನಗಳ ನಂತರ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಮೊದಲು ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕಿತ್ತು. 2016ರ ಜುಲೈನಿಂದ ಒಮ್ಮೆ ಹಾಕಿಸಿದರೆ ಜೀವಮಾನವಿಡೀ ಸಾಕು. ಇದು ಜೀವಂತ ವೈರಸ್ಸಿನ ಲಸಿಕೆ. ಅರವತ್ತು ಮೀರಿದವರು, ಗರ್ಭಿಣಿಯರು, ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ವೈದ್ಯರನ್ನು ಕಾಣದೆ ಹಾಕಿಸಿಕೊಳ್ಳಬಾರದು.

ಕಾದು ಕುಳಿತಾಗ ದೇಹಕ್ಕೇನಾಗುತ್ತದೆ?

ಕಾಗದಪತ್ರ ಸರಿಯಿಲ್ಲದೆ ಸಿಕ್ಕಿಕೊಂಡರೆ ಕಷ್ಟ ಅನುಭವಿಸುವುದು ದೇಹ. ನಾಲ್ಕು ಗಂಟೆಗೂ ಹೆಚ್ಚು ಕಾಲ ಅಲುಗಾಡದೆ ಕುಳಿತರೆ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡರಷ್ಟಾಗುತ್ತದೆ. ಆರೋಗ್ಯವಂತರಿಗೆ ಈ ಅಪಾಯ ಅತಿ ಕಡಿಮೆ, ಸುಮಾರು 6,000ದಲ್ಲಿ ಒಬ್ಬರಿಗೆ. ಆದರೆ ವಯಸ್ಸಾದವರು, ದಪ್ಪಗಿರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಮೊದಲೊಮ್ಮೆ ಹೀಗಾದವರು ಎಚ್ಚರದಿಂದಿರಬೇಕು. ಒಂದೇ ಕಾಲು ಊದಿಕೊಂಡು ನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ವಿಮಾನದೊಳಗಿನ ಗಾಳಿ ಬಹಳ ಒಣ. ತೇವಾಂಶ ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕಡಿಮೆ. ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. ನಮ್ಮ ಮುಳ್ಳಯ್ಯನಗಿರಿಯಷ್ಟು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ ಎನ್ನಿ. ಆದರೂ ಹೃದಯ, ಶ್ವಾಸಕೋಶದ ತೊಂದರೆ ಇರುವವರಿಗೆ ಹೆಚ್ಚು ಹೊತ್ತು ಅದೂ ಆಯಾಸವೇ.

ಸೋಂಕಿನ ಭಯವಿರುವ ದಿನಗಳಲ್ಲಿ ಜನ ವಿಮಾನದ ಒಳಗೆ ಮಾತ್ರ ಹೆದರುತ್ತಾರೆ. ದೊಡ್ಡ ವಿಮಾನಗಳಲ್ಲಿ ಗಾಳಿ ಗಂಟೆಗೆ 20ರಿಂದ 30 ಬಾರಿ ಬದಲಾಗುತ್ತದೆ. ಮರುಬಳಕೆಯಾಗುವ ಗಾಳಿ ಸೂಕ್ಷ್ಮ ಶೋಧಕಗಳ ಮೂಲಕ ಹಾದು ಬರುತ್ತದೆ. ತಪಾಸಣೆಯ ಉದ್ದನೆಯ ಸಾಲು, ತುಂಬಿ ತುಳುಕುವ ಬಸ್ಸು, ಊಟದ ಅಂಗಳಗಳಲ್ಲಿ ಅಂಥ ವ್ಯವಸ್ಥೆ ಇರುವುದಿಲ್ಲ. ಮುಖಗವಸನ್ನು ಅಲ್ಲಿ ಬಿಡಬಾರದು.

ಹೊರಡುವ ಮುನ್ನ

ಮನೆಯ ಹಿರಿಯರನ್ನು ವಿದೇಶಕ್ಕೆ ಕಳಿಸುವವರು ಈ ಅಂಶಗಳನ್ನು ಗಮನಿಸಬೇಕು.

1. ಆದಷ್ಟೂ ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಇರಲಿ. ಟಿಕೆಟ್‌ಗಳು ಬೇರೆಯಾದರೆ ಸಾಮಾನು ಪಡೆಯಲು ನಡುದಾರಿಯ ದೇಶವನ್ನು ಪ್ರವೇಶಿಸಬೇಕಾಗಬಹುದು. ಆಗ ಅಲ್ಲಿನ ವೀಸಾ, ಆರೋಗ್ಯ ನಿಯಮ ಎಲ್ಲವೂ ನಿಮಗೆ ಅನ್ವಯಿಸುತ್ತವೆ.

2. ಹೊರಡುವ ಊರು, ನಡುದಾರಿಯ ಊರು, ಸೇರುವ ಊರು ಈ ಮೂರರ ನಿಯಮಗಳನ್ನೂ ಟಿಕೆಟ್ ಕೊಳ್ಳುವಾಗ ಒಮ್ಮೆ, ಹೊರಡುವ ಎರಡು ದಿನ ಮೊದಲು ಇನ್ನೊಮ್ಮೆ ವಿಚಾರಿಸಿ. ಸಾಂಕ್ರಾಮಿಕದ ಕಾಲದಲ್ಲಿ ನಿಯಮಗಳು ರಾತ್ರೋರಾತ್ರಿ ಬದಲಾಗುತ್ತವೆ.

3. ನಡುವೆ ಸಾಕಷ್ಟು ಬಿಡುವಿರಲಿ. ಗಾಲಿಕುರ್ಚಿ ಬೇಕಾದವರಿಗೆ ಒಂದೂವರೆ ಗಂಟೆ ಸಾಲದು. ಗಾಲಿಕುರ್ಚಿಯನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿ ಬರೆಸಿ.

4. ಇನ್ಸುಲಿನ್, ರಕ್ತದೊತ್ತಡ ಮತ್ತು ಹೃದಯದ ಮಾತ್ರೆ, ಉಬ್ಬಸದ ಇನ್ಹೇಲರ್ ಎಲ್ಲವೂ ಕೈಚೀಲದಲ್ಲೇ ಇರಬೇಕು. ಪ್ರಯಾಣದ ಅವಧಿಗಿಂತ ಕನಿಷ್ಠ ಮೂರು ದಿನದಷ್ಟು ಹೆಚ್ಚಿಗೆ ಇರಲಿ. ಸಾಮಾನು ಇಡುವ ಅಂಕಣದ ಚಳಿಯಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು. ಹಾಗಾದದ್ದನ್ನು ಬಳಸಬಾರದು. ಬಳಸಲು ತೆಗೆದ ಇನ್ಸುಲಿನ್ ಸಾಧಾರಣ ಕೋಣೆಯ ಉಷ್ಣತೆಯಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ. ಫ್ರಿಜ್ ಇಲ್ಲವೆಂದು ಗಾಬರಿ ಬೇಡ.

5. ವೈದ್ಯರ ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಇರಲಿ. ನಮ್ಮ ಕಂಪನಿಗಳ ಹೆಸರು ಹೊರದೇಶದ ವೈದ್ಯರಿಗೆ ತಿಳಿಯುವುದಿಲ್ಲ. ಕೆಲವು ನಿದ್ರೆಯ ಹಾಗೂ ನೋವಿನ ಮಾತ್ರೆಗಳ ಬಗ್ಗೆ ಕೊಲ್ಲಿ ದೇಶಗಳ ಕಾನೂನು ಬಹಳ ಕಠಿಣ. ಅಂಥವನ್ನು ಒಯ್ಯುವವರು ಮೊದಲೇ ವಿಚಾರಿಸಿ.

6. ಸಕ್ಕರೆ ಕಾಯಿಲೆಯವರು ಪ್ರಯಾಣ ಮುಗಿಯುವವರೆಗೆ ಒಂದು ಗಡಿಯಾರವನ್ನು ಭಾರತದ ಸಮಯದಲ್ಲೇ ಇಟ್ಟುಕೊಳ್ಳಿ. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ, ಪೂರ್ವಕ್ಕೆ ಬರುವಾಗ ಗಿಡ್ಡವಾಗುತ್ತದೆ. ಇನ್ಸುಲಿನ್ ಪ್ರಮಾಣ, ಸಮಯ ಹೇಗೆ ಹೊಂದಿಸಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ. ಸಕ್ಕರೆ ಕುಸಿದರೆ ಬೇಕಾಗುತ್ತದೆ, ನಾಲ್ಕು ಚಮಚ ಸಕ್ಕರೆ, ಬಿಸ್ಕತ್ತು ಜೊತೆಗಿರಲಿ.

7. ನೀರು ಕುಡಿಯಿರಿ. ಶೌಚಾಲಯಕ್ಕೆ ಹೋಗಬೇಕಾದೀತೆಂದು ಬಾಯಾರಿಕೆ ತಡೆಯಬೇಡಿ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಸಾಧ್ಯವಾಗದಿದ್ದರೆ ಕುಳಿತಲ್ಲೇ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ.

8. ಲಸಿಕೆ ಪತ್ರ, ವರದಿ, ವೈದ್ಯರ ಚೀಟಿ ಇವುಗಳ ಕಾಗದದ ಪ್ರತಿ ಕೈಯಲ್ಲಿರಲಿ. ಮೊಬೈಲ್ ಯಾವಾಗ ಆರಿಹೋಗುತ್ತದೋ ಹೇಳಲಾಗದು.

9. ದೊಡ್ಡ ನಿಲ್ದಾಣಗಳಲ್ಲೆಲ್ಲ ವೈದ್ಯಕೀಯ ಕೇಂದ್ರ ಇರುತ್ತದೆ. ತೊಂದರೆಯಾದರೆ ಕೂಡಲೇ ಕೇಳಬೇಕು, ಇನ್ನಷ್ಟು ಹೊತ್ತು ನೋಡೋಣ ಎನ್ನಬಾರದು ಎಂದು ಹಿರಿಯರಿಗೆ ಹೇಳಿ ಕಳಿಸಿ. ಭಾಷೆ ಬಾರದವರ ಕೈಯಲ್ಲಿ, ಕಾಯಿಲೆಯ ವಿವರ ಮತ್ತು ಮಕ್ಕಳ ಫೋನ್ ಸಂಖ್ಯೆ ಇಂಗ್ಲಿಷಿನಲ್ಲಿ ಬರೆದ ಚೀಟಿ ಇರಲಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ವಿಮಾನ ತಪ್ಪಿದ ಮೇಲೆ ಇವನ್ನೆಲ್ಲ ಯೋಚಿಸಿ ಫಲವಿಲ್ಲ. ಹೊರಡುವ ವಾರ ಮನೆಯವರೆಲ್ಲ ಕುಳಿತು ಅರ್ಧ ಗಂಟೆ ಮಾತನಾಡಿದರೆ ಸಾಕು.

ನಮ್ಮ ಶಿಕ್ಷಕ ದಂಪತಿ ಅಂತೂ ಒಂದು ದಿನ ತಡವಾಗಿ ಮಗಳ ಮನೆ ಸೇರಿದರು. ಅಷ್ಟರಲ್ಲಿ ಮೊಮ್ಮಗಳು ಹುಟ್ಟಿದ್ದಳು. ಹೆರಿಗೆಯ ಹೊತ್ತಿನಲ್ಲಿ ಮಗಳ ಪಕ್ಕದಲ್ಲಿ ಇರಲಾಗಲಿಲ್ಲವಲ್ಲ ಎಂಬ ಕೊರಗು ಆ ತಾಯಿಗೆ ಇಂದಿಗೂ ಇದೆ. ಕಳೆದ ಬಾರಿ ಮತ್ತೆ ಅಮೆರಿಕಕ್ಕೆ ಹೊರಡುವ ಮುನ್ನ ಕ್ಲಿನಿಕ್‌ಗೆ ಬಂದಿದ್ದರು. ನಾನು ಕೇಳುವ ಮೊದಲೇ ಕೈಚೀಲ ಬಿಚ್ಚಿ, ಇನ್ಸುಲಿನ್ ಡಬ್ಬಿ ಮೇಜಿನ ಮೇಲಿಟ್ಟು, "ಇಲ್ಲೇ ಇದೆ ನೋಡಿ ಡಾಕ್ಟ್ರೇ" ಎಂದರು.